ಕಾರವಾರ ಮತ್ತು ಅಂಕೋಲಾ: ಮನೆ ಕೊಳ್ಳುವವರು ತಿಳಿದಿರಬೇಕಾದ ಸರ್ವೆ ಮತ್ತು ಬೆಲೆ ನಿರ್ಣಯ

ಉತ್ತರ ಕನ್ನಡ ಜಿಲ್ಲೆಯ ಈ ಎರಡು ಕರಾವಳಿ ತಾಲೂಕುಗಳಲ್ಲಿ ಮನೆಯನ್ನಾಗಲಿ ಮನೆ ಕಟ್ಟುವ ಜಾಗವನ್ನಾಗಲಿ ಕೊಳ್ಳುವ ಮೊದಲು ಮಾಡಿಸಿಕೊಳ್ಳಬೇಕಾದ ಗಡಿ ಅಳತೆ, ದಾಖಲೆ ತಪಾಸಣೆ, ಕಟ್ಟಡ ಪರೀಕ್ಷೆ ಮತ್ತು ಮೌಲ್ಯಮಾಪನ ಈ ಲೇಖನದ ವಿಷಯ. ಸಹ್ಯಾದ್ರಿಯ ಗುಡ್ಡಗಳು ಇಲ್ಲಿ ಸಮುದ್ರದ ಅಂಚಿನವರೆಗೂ ಚಾಚಿವೆ. ಗುಡ್ಡಕ್ಕೂ ಕಡಲಿಗೂ ನಡುವೆ ಉಳಿದ ಸಪೂರ ಪಟ್ಟಿಯಲ್ಲೇ ರಾಷ್ಟ್ರೀಯ ಹೆದ್ದಾರಿ 66, ಕೊಂಕಣ ರೈಲು ಹಳಿ, ನೌಕಾನೆಲೆ, ಕಾಳಿ ಮತ್ತು ಗಂಗಾವಳಿಯ ಅಳಿವೆಗಳು, ಗದ್ದೆ, ತೋಟ, ಕೇರಿಗಳೆಲ್ಲ ಒತ್ತಿಕೊಂಡಿವೆ. ಆದ್ದರಿಂದ ಇಲ್ಲಿ ಜಾಗದ ಬೆಲೆ ಎಷ್ಟು ಎಂದು ಕೇಳುವ ಮೊದಲು ಅದರ ಮೇಲೆ ಯಾರ ಯಾರ ಗೆರೆ ಹಾದಿದೆ ಎಂದು ಕೇಳಬೇಕಾಗುತ್ತದೆ.

ಮಾರಾಟಕ್ಕಿರುವ ಯಾವ ಜಾಗಕ್ಕೂ ಅಳತೆ, ಬೆಲೆಗಳಿಗೆ ಬರವಿಲ್ಲ. ಸರ್ಕಾರದ ಸರ್ವೆ ಇದೆ. ಅದು ಹುಟ್ಟಿದ್ದು ಕಂದಾಯ ವಸೂಲಿಗಾಗಿ. ಉಪನೋಂದಣಿ ಕಚೇರಿಯ ಮಾರ್ಗಸೂಚಿ ಬೆಲೆ ಇದೆ. ಅದು ಮುದ್ರಾಂಕ ಶುಲ್ಕದ ಲೆಕ್ಕಕ್ಕೆ. ಬ್ಯಾಂಕಿನ ಮೌಲ್ಯಮಾಪಕರ ವರದಿ ಇದೆ. ಅದು ಸಾಲ ಮುಳುಗದಂತೆ ನೋಡಿಕೊಳ್ಳಲು. ಕೊಳ್ಳುವವರ ಹಿತವನ್ನೇ ಮುಂದಿಟ್ಟುಕೊಂಡು ಮಾಡಿದ್ದು ಇವುಗಳಲ್ಲಿ ಒಂದೂ ಇಲ್ಲ. ಅದನ್ನು ಅವರೇ ಕೈಯಿಂದ ಖರ್ಚು ಮಾಡಿ ಮಾಡಿಸಿಕೊಳ್ಳಬೇಕು, ಹೆಚ್ಚಿನವರು ಮಾಡಿಸುವುದಿಲ್ಲ.

ಅಳತೆಯ ಹಿನ್ನೆಲೆ

1799ರಲ್ಲಿ ಟಿಪ್ಪು ಸುಲ್ತಾನನ ಪತನದ ನಂತರ ಕೆನರಾ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಥಾಮಸ್ ಮನ್ರೋ ಅದರ ಮೊದಲ ಕಲೆಕ್ಟರ್. ಮುಂದೆ ಜಿಲ್ಲೆ ಎರಡಾಗಿ, 1862ರಲ್ಲಿ ಉತ್ತರ ಭಾಗ ಮದರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು. ಕಾರವಾರ ಜಿಲ್ಲಾ ಕೇಂದ್ರವಾಯಿತು. ಮುಂಬಯಿಯ ಕಂದಾಯ ಪದ್ಧತಿ ಬಂದದ್ದು ಈ ದಾರಿಯಲ್ಲಿ: ಹೊಲಕ್ಕೊಂದು ಸರ್ವೆ ನಂಬರು, ಒಳಗಿನ ಪಾಲಿಗೆ ಹಿಸ್ಸಾ ನಂಬರು, 33 ಅಡಿಯ ಸರಪಳಿ, ಅದರಲ್ಲಿ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಸೇರಿದರೆ ಒಂದು ಗುಂಟೆ, ಅಂದರೆ 1,089 ಚದರ ಅಡಿ. ನಲವತ್ತು ಗುಂಟೆಗೆ ಒಂದು ಎಕರೆ. ಪಹಣಿಯಲ್ಲಿ 0-5-8 ಎಂದು ಕಂಡರೆ ಐದು ಗುಂಟೆ ಎಂಟು ಆಣೆ, ಲೆಕ್ಕಕ್ಕೆ ಐದೂವರೆ ಗುಂಟೆ, ಚದರ ಅಡಿಯಲ್ಲಿ 5,989.5.

ಇದನ್ನು ಹೇಳಲು ಕಾರಣವಿದೆ. ಮದರಾಸು ಪದ್ಧತಿಯಲ್ಲಿ ಬೆಳೆದ ಉಡುಪಿ, ಮಂಗಳೂರು ಕಡೆಯವರು ಸೆಂಟ್ಸ್ ಲೆಕ್ಕದಲ್ಲಿ ಮಾತಾಡುತ್ತಾರೆ. ಒಂದು ಸೆಂಟ್ಸ್ 435.6 ಚದರ ಅಡಿ, ಎರಡೂವರೆ ಸೆಂಟ್ಸ್‌ಗೆ ಒಂದು ಗುಂಟೆ. ಮಾಜಾಳಿಯ ಗಡಿ ದಾಟಿ ಗೋವಾಕ್ಕೆ ಹೋದರೆ ಚದರ ಮೀಟರು. ಅಲ್ಲಿ ಒಂದು ಗುಂಟೆ ಎಂದರೆ ಸುಮಾರು 101. ಕಾರವಾರದಲ್ಲಿ ಮಾರುವವರು ಗುಂಟೆಗೆ ಇಷ್ಟು ಎನ್ನುತ್ತಾರೆ, ಗೋವಾದಿಂದ ಬಂದವರು ಮೀಟರಿಗೆ ಭಾಗಿಸಿ ನೋಡುತ್ತಾರೆ, ನಡುವೆ ನಿಂತ ದಲಾಲಿ ತನಗೆ ಅನುಕೂಲವಾದ ಲೆಕ್ಕ ಹೇಳುತ್ತಾನೆ. ಕರಾರುಪತ್ರದಲ್ಲಿ ವಿಸ್ತೀರ್ಣವನ್ನು ಗುಂಟೆ-ಆಣೆಯಲ್ಲೂ ಚದರ ಮೀಟರಿನಲ್ಲೂ ಎರಡೂ ಕಡೆ ಬರೆಸುವುದು ಜಾಣತನ.

ದಾಖಲೆಗಳು: ಪಹಣಿಯ ಆಚೆಗೆ

ಪಹಣಿಯನ್ನು ಹಳಬರು ಇಂದಿಗೂ ಉತಾರ ಎನ್ನುತ್ತಾರೆ. ಭೂಮಿ ಯೋಜನೆಯಿಂದಾಗಿ ಈ ಶತಮಾನದ ಆರಂಭದಿಂದ ಅದು ಕಂಪ್ಯೂಟರಿನಲ್ಲಿ ಸಿಗುತ್ತದೆ, ಮೊಬೈಲಿನಲ್ಲೂ ನೋಡಬಹುದು. ಸಿಗುವುದು ಸುಲಭವಾದ್ದರಿಂದ ಅದೊಂದನ್ನೇ ನೋಡಿ ತೃಪ್ತರಾಗುವವರೂ ಹೆಚ್ಚಿದ್ದಾರೆ. ಪಹಣಿಯ 9ನೇ ಕಾಲಂನಲ್ಲಿ ಹೆಸರು, 10ರಲ್ಲಿ ಆ ಹೆಸರು ಬಂದದ್ದು ಹೇಗೆ, 11ರಲ್ಲಿ ಇತರರ ಹಕ್ಕು ಮತ್ತು ಋಣ. ಓದಬೇಕಾದದ್ದು ಮುಖ್ಯವಾಗಿ 10 ಮತ್ತು 11. ಹತ್ತನೇ ಕಾಲಂನ ಮುಟೇಶನ್ ನಂಬರು ಹಿಡಿದು ಹಿಂದಕ್ಕೆ ಹೋದರೆ ಕೈಬರಹದ ಹಳೆಯ ಪಹಣಿ, ವಾರಸಾ, ಪಾಲಿನ ವಾಟ್ಣಿಪತ್ರ, ಖರೀದಿಪತ್ರ ಹೀಗೆ ಸರಪಳಿ ಬಿಚ್ಚಿಕೊಳ್ಳುತ್ತದೆ. ಎಲ್ಲೋ ಒಂದು ಕೊಂಡಿ ತಪ್ಪಿದ್ದರೆ ಅಲ್ಲಿಗೆ ನಿಂತು ವಿಚಾರಿಸಬೇಕು. ಕಾನೂನಿನ ಪ್ರಕಾರ ಪಹಣಿಯ ನಮೂದು ಸುಳ್ಳೆಂದು ಸಾಬೀತಾಗುವವರೆಗೆ ಸರಿ ಎಂದು ಭಾವಿಸಲಾಗುತ್ತದೆ, ಅಷ್ಟೇ. ಅದು ಮಾಲೀಕತ್ವದ ಪತ್ರವಲ್ಲ.

ಪಹಣಿ ಹೆಸರು ಹೇಳುತ್ತದೆ, ಜಾಗ ತೋರಿಸುವುದಿಲ್ಲ. ಜಾಗ ತೋರಿಸುವುದು ಸರ್ವೆ ಇಲಾಖೆಯ ಮೂಲ ಕಾಗದಗಳು: ಅಳತೆಯ ಟಿಪ್ಪಣಿ, ವಿಸ್ತೀರ್ಣ ಮತ್ತು ಆಕಾರ, ಅಂದರೆ ಕಂದಾಯ, ಬರೆದ ಆಕಾರಬಂದ್, ಗ್ರಾಮನಕ್ಷೆ, ಪೋಡಿಯಾಗಿ ತುಂಡಾದ ನಂಬರಿಗೆ ಹಿಸ್ಸಾ ನಕ್ಷೆ. ಪಹಣಿಯ ವಿಸ್ತೀರ್ಣವೂ ಆಕಾರಬಂದಿನ ವಿಸ್ತೀರ್ಣವೂ ತಾಳೆಯಾಗದ ನಂಬರುಗಳು ಈ ಕಡೆ ಅಪರೂಪವಲ್ಲ. ಹೆದ್ದಾರಿಗೆ, ರೈಲಿಗೆ ಜಾಗ ಹೋದ ಮೇಲೆ ಕಮಿ-ಜಾಸ್ತಿ ಪತ್ರಕ ಆಗದೆ ಹಳೆಯ ವಿಸ್ತೀರ್ಣವೇ ಪಹಣಿಯಲ್ಲಿ ಉಳಿದಿರಬಹುದು. ಆಗ ಮಾರುವವರು ಇಲ್ಲದ ಗುಂಟೆಗಳನ್ನು ತಿಳಿದೋ ತಿಳಿಯದೆಯೋ ಮಾರುತ್ತಾರೆ. ಇನ್ನು ಖರಾಬು. ಸಾಗುವಳಿಗೆ ಬಾರದ ಬಂಡೆ, ಕಟ್ಟಡ ಮುಂತಾದ ‘ಎ’ ಖರಾಬು ಹಿಡುವಳಿದಾರರ ವಶದಲ್ಲೇ ಇರುತ್ತದೆ. ಹಳ್ಳ, ಕಾಲುದಾರಿ, ರಸ್ತೆಗೆಂದು ಬಿಟ್ಟ ‘ಬಿ’ ಖರಾಬು ಸಾರ್ವಜನಿಕರದ್ದು, ಅದಕ್ಕೆ ದುಡ್ಡು ಕೊಡುವ ಕಾರಣವಿಲ್ಲ.

ಒಂದು ಸರ್ವೆ ನಂಬರಿನ ತುಂಡನ್ನು ಕೊಳ್ಳುವುದಾದರೆ ನೋಂದಣಿಗೆ 11ಇ ನಕ್ಷೆ ಬೇಕು. ಮಾರುವವರು ಅರ್ಜಿ ಕೊಟ್ಟರೆ ಸರ್ಕಾರಿ ಅಥವಾ ಲೈಸೆನ್ಸ್ ಪಡೆದ ಭೂಮಾಪಕರು ಬಂದು ಅಳೆದು, ಮಾರುವ ಭಾಗವನ್ನೂ ಉಳಿಯುವ ಭಾಗವನ್ನೂ ಬೇರೆ ಬೇರೆ ತೋರಿಸಿ ಬರೆಯುವ ನಕ್ಷೆಯಿದು. ಮೋಜಿಣಿ ವ್ಯವಸ್ಥೆಯಲ್ಲಿ ಅರ್ಜಿಯ ಸ್ಥಿತಿ ಗೊತ್ತಾಗುತ್ತದೆ. ಆದರೆ 11ಇ ಒಂದಿದ್ದರೆ ಗಡಿ ಖಚಿತವಾಯಿತೆಂದು ತಿಳಿಯಬಾರದು. ಅದು ತುಂಡು ಮಾಡುವ ನಕ್ಷೆ. ನೆರೆಯವರು ಒಳಗೆ ಬಂದಿದ್ದಾರೆಯೇ, ನಮ್ಮ ಕಂಪೌಂಡ್ ಅವರ ಹಿತ್ತಲಿನಲ್ಲಿದೆಯೇ ಎಂದು ತೀರ್ಮಾನಿಸಲು ಹದ್ದುಬಸ್ತು ಮಾಡಿಸಬೇಕು. ಹದ್ದುಬಸ್ತಿನಲ್ಲಿ ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸ್ ಹೋಗುತ್ತದೆ, ಅವರ ಎದುರೇ ಅಳತೆ ಆಗುತ್ತದೆ, ಗಡಿಕಲ್ಲು ನೆಡಲಾಗುತ್ತದೆ. ಮುಂಗಡ ಕೊಡುವ ಮೊದಲು ಮಾರುವವರ ಹೆಸರಿನಲ್ಲೇ ಇದನ್ನು ಮಾಡಿಸಿ, ಅಳತೆಯ ದಿನ ಕೊಳ್ಳುವವರು ಖುದ್ದಾಗಿ ನಿಂತಿರುವುದು ಎಲ್ಲಕ್ಕಿಂತ ಅಗ್ಗದ ವಿಮೆ. ಆ ದಿನ ನೆರೆಯವರು ಸುಮ್ಮನಿದ್ದರೋ ತಕರಾರು ತೆಗೆದರೋ ಎಂಬುದು ನಕ್ಷೆಯಲ್ಲಿ ಮೂಡುವುದಿಲ್ಲ, ನೋಡಿದವರಿಗಷ್ಟೇ ಗೊತ್ತಾಗುತ್ತದೆ.

ಖರೀದಿಪತ್ರದ ಚಕ್ಕುಬಂದಿಯನ್ನು ಓದುವ ಕ್ರಮ ಹೀಗೆ. ‘ಪೂರ್ವಕ್ಕೆ ಸರಕಾರಿ ಹಳ್ಳ, ಪಶ್ಚಿಮಕ್ಕೆ ಸದರಿ ನಂಬರಿನ ಉಳಿದ ಕ್ಷೇತ್ರ, ಉತ್ತರಕ್ಕೆ ಹಿಸ್ಸಾ 4, ದಕ್ಷಿಣಕ್ಕೆ ಹಾದಿ’ ಎಂದು ಬರೆದಿದೆ ಎನ್ನೋಣ. ಕಾಗದ ಹಿಡಿದು ಜಾಗದ ನಡುವೆ ನಿಂತು ನಾಲ್ಕೂ ದಿಕ್ಕು ಹುಡುಕಬೇಕು. ಪೂರ್ವದಲ್ಲಿ ಹಳ್ಳದ ಬದಲು ಕಾಂಕ್ರೀಟ್ ಗಟಾರ ಕಂಡರೆ ಹಳ್ಳ ಎಲ್ಲಿಗೆ ಸರಿಯಿತು, ಅದರ ಪಾತ್ರ ಈಗ ಯಾರ ಅಂಗಳ ಎಂದು ಕೇಳಬೇಕು. ಪಶ್ಚಿಮದ ‘ಉಳಿದ ಕ್ಷೇತ್ರ’ ಈಗ ಎಷ್ಟು ಜನರ ಪಾಲಾಗಿದೆ? ದಕ್ಷಿಣದ ಹಾದಿಗೆ ಗ್ರಾಮನಕ್ಷೆಯಲ್ಲಿ ಚುಕ್ಕೆ ಗೆರೆ ಇದೆಯೇ, ಅಥವಾ ಮಾರುವವರ ಅಣ್ಣನ ಹಿತ್ತಲಿನಲ್ಲಿ ಓಡಾಡಿ ಆದ ಕಾಲುದಾರಿಯೇ? ವಿಸ್ತೀರ್ಣದ ಅಂಕಿಯೂ ಚಕ್ಕುಬಂದಿಯೂ ಜಗಳ ಬಿದ್ದರೆ ನ್ಯಾಯಾಲಯಗಳು ಸಾಮಾನ್ಯವಾಗಿ ಚಕ್ಕುಬಂದಿಗೇ ಹೆಚ್ಚು ತೂಕ ಕೊಡುತ್ತವೆ. ಹಾಗಾಗಿ ಐದು ಗುಂಟೆ ಎಂದು ಬರೆದಿದೆ ಎಂಬ ಸಮಾಧಾನ ಹೆಚ್ಚು ದಿನ ಬಾಳದು.

ದಾರಿಯ ವಿಷಯವನ್ನು ಇಲ್ಲಿ ಒತ್ತಿ ಹೇಳಬೇಕು. ಘಟ್ಟದ ಮೇಲಿನ ಊರುಗಳಂತೆ ಮನೆಗಳು ಒಂದೆಡೆ ಕೂಡಿದ ಊರು ಇದಲ್ಲ. ಒಂದೊಂದು ಮನೆ ಒಂದೊಂದು ಹಿತ್ತಲಿನಲ್ಲಿ, ನಡುವೆ ತೆಂಗು, ಬಾವಿ, ಗದ್ದೆಯ ಅಂಚು. ತಲೆತಲಾಂತರದಿಂದ ಎಲ್ಲರೂ ಎಲ್ಲರ ಜಾಗದಲ್ಲಿ ಹಾದು ಹೋದವರು. ಪರವೂರಿನವರು ಕೊಂಡು ಕಾರು ತರುತ್ತೇವೆ ಎಂದ ದಿನ ಆ ಸಲಿಗೆ ಮುಗಿಯುತ್ತದೆ. ಇಪ್ಪತ್ತು ವರ್ಷ ಅಡೆತಡೆಯಿಲ್ಲದೆ, ಹಕ್ಕೆಂದು ಬಳಸಿದ ದಾರಿಗೆ 1882ರ ಅನುಭೋಗದ ಕಾಯಿದೆಯಲ್ಲಿ ಆಸರೆ ಉಂಟು. ಆದರೆ ಕಾಲುದಾರಿಯ ಹಕ್ಕು ವಾಹನದ ಹಕ್ಕಾಗಿ ತಾನೇ ಅಗಲವಾಗುವುದಿಲ್ಲ. ನೋಂದಣಿಯಾದ ದಾರಿ ಕರಾರು ಇಲ್ಲದ ಮನೆಗೆ ದಾರಿಯಿರುವ ಮನೆಯ ಬೆಲೆ ಕೊಡಬಾರದು.

ಪಟ್ಟಣದಲ್ಲಿ ಕಾಗದಗಳ ಹೆಸರು ಬೇರೆ. ಕಾರವಾರ ನಗರಸಭೆ, ಅಂಕೋಲಾ ಪುರಸಭೆ ವ್ಯಾಪ್ತಿಯಲ್ಲಿ ಇ-ಖಾತೆ. 2024ರ ಅಕ್ಟೋಬರ್‌ನಿಂದ ಅದಿಲ್ಲದೆ ನೋಂದಣಿ ಮುಂದೆ ಹೋಗದು. ಸಿಟಿ ಸರ್ವೆಗೆ ಒಳಪಟ್ಟ ಭಾಗದಲ್ಲಿ ಪ್ರಾಪರ್ಟಿ ಕಾರ್ಡ್ ಸಹ ನೋಡಬೇಕು. ಗ್ರಾಮ ಪಂಚಾಯತಿಯಲ್ಲಿ ಇ-ಸ್ವತ್ತಿನ ನಮೂನೆ 9 ಮತ್ತು 11ಎ. ಬರೀ 11ಬಿ ಕೊಟ್ಟರೆ ಆ ಆಸ್ತಿ ಕ್ರಮಬದ್ಧವಾಗಿ ಬಿನ್‌ಶೇತ್ಕಿ (ಕೃಷಿಯೇತರ) ಆದದ್ದೋ ಅಲ್ಲವೋ ಎಂದು ಅನುಮಾನಿಸಬೇಕು. ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳು 2020ರ ತಿದ್ದುಪಡಿಯಲ್ಲಿ ಬಿದ್ದುಹೋದ ಮೇಲೆ ಕೃಷಿಕರಲ್ಲದವರೂ ಗದ್ದೆ ಕೊಳ್ಳಬಹುದು. ಆದರೆ ಕೊಂಡ ಗದ್ದೆಯಲ್ಲಿ ಮನೆ ಕಟ್ಟಲು ಭೂ ಪರಿವರ್ತನೆ ಬೇಕೇ ಬೇಕು, ಅದು ಈ ತಿದ್ದುಪಡಿಯಿಂದ ತಪ್ಪಿಲ್ಲ.

ಮಾರುವ ಹಕ್ಕು ಯಾರದು

ಅಂಕೋಲೆಯ ನೆಲದ ದಾಖಲೆ ಓದುವವರಿಗೆ ಅಲ್ಲಿನ ಗೇಣಿ ಹೋರಾಟದ ನೆನಪಿರಬೇಕು. ದಿನಕರ ದೇಸಾಯಿ ರೈತಕೂಟ ಕಟ್ಟಿ ಗೇಣಿದಾರರನ್ನು ಸಂಘಟಿಸಿದ್ದಕ್ಕೆ 1940ರಲ್ಲಿ ಜಿಲ್ಲೆಯಿಂದ ಗಡಿಪಾರಾದರು. ಚುಟುಕಗಳಿಂದ ನಾಡಿಗೆ ಪರಿಚಿತರಾದ ಅವರ ಹೆಸರು ಈ ತಾಲೂಕಿನಲ್ಲಿ ಭೂಮಿಯ ವಿಷಯಕ್ಕೂ ಸೇರಿಕೊಂಡದ್ದು ಹಾಗೆ. 1974ರ ಮಾರ್ಚ್ 1ರಂದು ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿ, ಗೇಣಿದಾರರು ಫಾರಂ 7 ಕೊಟ್ಟು ಭೂ ನ್ಯಾಯಮಂಡಳಿಯಿಂದ ಹಕ್ಕು ಪಡೆದರು. ಹಾಗೆ ಬಂದ ಜಮೀನನ್ನು ಹದಿನೈದು ವರ್ಷ ಮಾರುವಂತಿಲ್ಲ. ಬಹುತೇಕ ಪ್ರಕರಣಗಳಲ್ಲಿ ಆ ಅವಧಿ ಕಳೆದಿದೆ. ಆದರೆ ಹೈಕೋರ್ಟಿಗೆ ಹೋಗಿ ಮರುವಿಚಾರಣೆಗೆ ಬಂದು ತಡವಾಗಿ ತೀರ್ಮಾನವಾದವೂ ಇವೆ. ಆದ್ದರಿಂದ ಮಂಡಳಿಯ ಆದೇಶದ ಪ್ರತಿ, ಫಾರಂ 10 ಎರಡನ್ನೂ ಕೇಳಿ, ದಿನಾಂಕ ನೋಡಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಿಗೆ 1978ರ ಕಾಯಿದೆ ಅನ್ವಯಿಸುತ್ತದೆ. ಸರ್ಕಾರದ ಅನುಮತಿಯಿಲ್ಲದ ಮಾರಾಟ ಎಷ್ಟು ಕೈ ಬದಲಾಗಿದ್ದರೂ ರದ್ದಾಗಬಲ್ಲದು. 2023ರ ತಿದ್ದುಪಡಿ ಕಾಲಮಿತಿಯ ಆಸರೆಯನ್ನೂ ತೆಗೆದಿದೆ.

ಕೂಡುಕುಟುಂಬದ ಜಾಗ ಇನ್ನೊಂದು ಗೋಜಲು. ಕಾರವಾರದ ಎಷ್ಟೋ ಮನೆತನಗಳ ಪಾಲುದಾರರು ಮುಂಬಯಿ, ಗೋವಾದಲ್ಲಿ ನೆಲೆಸಿದ್ದಾರೆ. ಊರಲ್ಲಿ ಉಳಿದ ಒಬ್ಬರು ಮನೆ ತೋರಿಸುತ್ತಾರೆ, ಪಹಣಿಯಲ್ಲಿ ಹತ್ತು ಹೆಸರು. ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲು ಎಂಬ ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿ ತಂದೆ ಆಗ ಬದುಕಿರದಿದ್ದರೂ ಅನ್ವಯಿಸುತ್ತದೆಂದು 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2004ರ ಡಿಸೆಂಬರ್ 20ಕ್ಕೂ ಮುಂಚೆ ಕ್ರಮಬದ್ಧವಾಗಿ ಆದ ವಾಟ್ಣಿ, ಮಾರಾಟಗಳಿಗಷ್ಟೇ ರಕ್ಷಣೆ. ಮದುವೆಯಾಗಿ ಹೋದ ಅಕ್ಕತಂಗಿಯರ ಸಹಿ ಬೇಕಿಲ್ಲ ಎಂದು ಯಾರಾದರೂ ಹೇಳಿದರೆ ಅಲ್ಲಿಗೆ ಆ ವ್ಯವಹಾರ ಬಿಡುವುದೇ ಲೇಸು. ಋಣಭಾರ ಪತ್ರ, ಅಂದರೆ ಇ.ಸಿ., ಮೂವತ್ತು ವರ್ಷದ್ದು ತೆಗೆಸುವ ರೂಢಿ ಒಳ್ಳೆಯದು. ಆದರೆ ಅದರಲ್ಲಿ ಬರುವುದು ನೋಂದಣಿಯಾದ ವ್ಯವಹಾರ ಮಾತ್ರ. ಬಾಯಿಮಾತಿನ ಪಾಲು, ನೋಂದಣಿಯಾಗದ ಕರಾರು, ಕೋರ್ಟಿನಲ್ಲಿರುವ ದಾವೆ ಅದರಲ್ಲಿ ಕಾಣಲಾರವು.

ಉತ್ತರ ಕನ್ನಡದ ಬಹುಪಾಲು ಅರಣ್ಯ. ಅರಣ್ಯ ಅತಿಕ್ರಮಣದ ಜಾಗದಲ್ಲಿ ಮನೆ, ತೋಟ ಮಾಡಿಕೊಂಡು ದಶಕಗಳಿಂದ ಇರುವ ಕುಟುಂಬಗಳು ಎರಡೂ ತಾಲೂಕಿನಲ್ಲಿವೆ. ಅವರ ಹೋರಾಟದ ನ್ಯಾಯಾನ್ಯಾಯ ಬೇರೆ ಮಾತು. ಕೊಳ್ಳುವವರಿಗೆ ಮುಖ್ಯವಾದದ್ದು, ಆ ಜಾಗ ಮಾರಾಟವಾಗುವಂಥದ್ದಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯಡಿ ಹಕ್ಕುಪತ್ರ ಸಿಕ್ಕಿದ್ದರೂ ಅದು ವಾರಸುದಾರರಿಗೆ ಹೋಗುತ್ತದೆಯೇ ಹೊರತು ಪರಭಾರೆಯಾಗದು. ಮುದ್ರಾಂಕ ಕಾಗದದ ಮೇಲೆ ‘ಕಬ್ಜಾ ಬಿಟ್ಟುಕೊಟ್ಟ ಪತ್ರ’ ಬರೆದುಕೊಟ್ಟರೆ ಕೈಗೆ ಬರುವುದು ಆ ಕಾಗದವಷ್ಟೇ.

ಗೆರೆಗಳು: ಕಡಲು, ಹೊಳೆ, ಗುಡ್ಡ, ರಸ್ತೆ

ದೇವಬಾಗ, ಮಾಜಾಳಿ, ಬಿಣಗಾ, ಹಾರವಾಡ, ಬೇಲೆಕೇರಿ, ಕೇಣಿ, ಬೆಳಂಬಾರದಂಥ ಊರುಗಳಲ್ಲಿ ಸಮುದ್ರ ಕಾಣುವ ಮನೆಗೆ ಹೆಚ್ಚು ಬೆಲೆ. ಅದೇ ಮನೆಗೆ ನಿರ್ಬಂಧವೂ ಹೆಚ್ಚು. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಮೊದಲು 1991ರಲ್ಲಿ, ನಂತರ 2011 ಮತ್ತು 2019ರಲ್ಲಿ ಬಂತು. ಉಬ್ಬರದ ಗೆರೆಯಿಂದ 500 ಮೀಟರ್‌ವರೆಗೆ ಅದರ ವ್ಯಾಪ್ತಿ. ಗ್ರಾಮೀಣ ಪ್ರದೇಶದಲ್ಲಿ 200 ಮೀಟರ್‌ವರೆಗೆ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ ಎಂಬುದು ಹಳೆಯ ನಿಯಮ. 2019ರದ್ದು ಜನಸಾಂದ್ರತೆ ಚದರ ಕಿ.ಮೀ.ಗೆ 2,161ಕ್ಕಿಂತ ಹೆಚ್ಚಿರುವ ಗ್ರಾಮಗಳಿಗೆ ಅದನ್ನು 50 ಮೀಟರಿಗೆ ಇಳಿಸಿತು, ಉಳಿದವಕ್ಕೆ 200 ಹಾಗೆಯೇ ಇದೆ. ಅಧಿಕೃತವಾಗಿ ಇರುವ ಮನೆಯನ್ನು ಅದೇ ತಳಪಾಯದ ಅಳತೆಯಲ್ಲಿ ದುರಸ್ತಿ ಮಾಡಬಹುದು. ಆದರೆ ಹಳೆ ಮನೆ ಕೊಂಡು ಕೆಡವಿ ಹೋಮ್‌ಸ್ಟೇ ಕಟ್ಟುವ ಲೆಕ್ಕಾಚಾರ ಇಲ್ಲಿ ತಲೆಕೆಳಗಾಗುತ್ತದೆ.

ಉಬ್ಬರ ನೀರು ಏರುವ ಹೊಳೆಗಳಿಗೂ ಇದೇ ಕಾನೂನು ಅನ್ವಯ ಎಂಬುದು ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಕಾಳಿಯ ದಂಡೆಯ ಕಿನ್ನರ, ಕಡವಾಡ, ಗಂಗಾವಳಿ ದಂಡೆಯ ಮಂಜಗುಣಿ ಇಂಥಲ್ಲಿ ಕಡಲು ಕಣ್ಣಿಗೆ ಬೀಳದಿದ್ದರೂ ಜಾಗ ವಲಯದೊಳಗೆ ಬರಬಹುದು. ಸರ್ವೆ ನಂಬರು ಕೂರಿಸಿದ 1:4000 ಪ್ರಮಾಣದ ನಕ್ಷೆಯಲ್ಲಿ ಗೆರೆ ಎಲ್ಲಿ ಹಾದಿದೆ ಎಂದು ಕಾರವಾರದಲ್ಲಿರುವ ಪರಿಸರ ಇಲಾಖೆಯ ಪ್ರಾದೇಶಿಕ ನಿರ್ದೇಶಕರ ಕಚೇರಿಯಲ್ಲಿ ಲಿಖಿತವಾಗಿ ಕೇಳುವುದು ಸರಿಯಾದ ದಾರಿ. ದಿಶಾಂಕ್ ಆ್ಯಪ್ ನಿಂತ ಜಾಗದ ಸರ್ವೆ ನಂಬರು ತೋರಿಸುತ್ತದೆ, ಪ್ರಾಥಮಿಕ ವಿಚಾರಣೆಗೆ ಬಹಳ ಉಪಯುಕ್ತ. ಗಡಿ ತೀರ್ಮಾನಕ್ಕೆ ಅದನ್ನು ನೆಚ್ಚಬಾರದು.

ಉಪ್ಪು ನೀರಿನ ಗಜನಿ ಗದ್ದೆಗಳನ್ನು ಕೆಂಪು ಮಣ್ಣು ತುಂಬಿ ಎತ್ತರಿಸಿ ಮಾರುವುದುಂಟು. ಮೇಲಿನಿಂದ ನೋಡಲು ಚೆಂದದ ಸಮತಟ್ಟು ನಿವೇಶನ. ಅಡಿಯ ಕೆಸರು ವರ್ಷಗಟ್ಟಲೆ ಕುಸಿಯುತ್ತಲೇ ಇರುತ್ತದೆ, ಗೋಡೆಯಲ್ಲಿ ಓರೆ ಬಿರುಕು ಕಾಣಿಸಿಕೊಳ್ಳುತ್ತದೆ. ಹಳೆಯ ಪಹಣಿಯಲ್ಲಿ ಜಮೀನು ತರಿಯೋ, ಬಾಗಾಯ್ತೋ, ಖುಷ್ಕಿಯೋ ಎಂದು ನೋಡಿದರೆ ಮಣ್ಣಿನ ಪೂರ್ವೇತಿಹಾಸ ಅರ್ಧ ತಿಳಿಯುತ್ತದೆ. ಉಳಿದರ್ಧ ಅಕ್ಕಪಕ್ಕದ ಹಿರಿಯರಿಗೆ ಗೊತ್ತು. 2019ರ ಆಗಸ್ಟ್, 2021ರ ಜುಲೈ ನೆರೆಗಳಲ್ಲಿ ಕಾಳಿ ಮತ್ತು ಗಂಗಾವಳಿ ಎಲ್ಲಿವರೆಗೆ ಬಂದಿತ್ತೆಂದು ಕೇಳಿ, ಗೋಡೆಯ ಮೇಲೆ ನೀರಿನ ಗುರುತು ತೋರಿಸಿಕೊಳ್ಳಬೇಕು. ಕಾಳಿಯ ಕೆಳದಂಡೆಯಲ್ಲಿ ಮಳೆಯ ಜೊತೆಗೆ ಕದ್ರಾ ಅಣೆಕಟ್ಟೆಯ ಗೇಟಿನ ಲೆಕ್ಕವೂ ಸೇರುತ್ತದೆ.

ಗುಡ್ಡದ ಬುಡ ಕ್ಷೇಮ ಎಂದು ಯಾರೂ ಈಗ ಹೇಳಲಾರರು. 2009ರ ಅಕ್ಟೋಬರ್‌ನಲ್ಲಿ ಕಾರವಾರದ ಕಡವಾಡದಲ್ಲಿ ಗುಡ್ಡ ಜರಿದು ಮನೆಗಳ ಮೇಲೆ ಬಿದ್ದು ಹಲವರು ಸತ್ತರು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಗಂಗಾವಳಿಗೆ ಕುಸಿಯಿತು. ಹೆದ್ದಾರಿ ಬದಿಯ ಚಹಾದಂಗಡಿ, ಅದರಲ್ಲಿದ್ದ ಕುಟುಂಬ, ಲಾರಿಗಳು ಕೊಚ್ಚಿಹೋದವು. ಮಣ್ಣು ಬಿದ್ದ ರಭಸಕ್ಕೆ ಎದ್ದ ನೀರು ಆಚೆ ದಂಡೆಯ ಉಳುವರೆಯ ಮನೆಗಳನ್ನೂ ಕೆಡವಿತು. ಹೊಳೆಯ ಆಚೆಗಿದ್ದೇವೆ ಎಂಬುದು ಅಲ್ಲಿ ರಕ್ಷಣೆಯಾಗಲಿಲ್ಲ. ಮನೆಯ ಹಿಂದೆ ಕಡಿದ ಧರೆ ಎಷ್ಟು ಎತ್ತರ, ಎಷ್ಟು ನೇರ, ಮೇಲೆ ನೀರು ಹರಿದುಹೋಗಲು ದಾರಿ ಇದೆಯೇ, ಮರಗಳು ವಾಲಿವೆಯೇ ಎಂದು ನೋಡಲು ಇಂಜಿನಿಯರೇ ಬೇಕೆಂದಿಲ್ಲ. ಎಂಟಡಿಗಿಂತ ಎತ್ತರದ ನೇರ ಧರೆ ಬೆನ್ನಿಗಿದ್ದರೆ ಮಾತ್ರ ಭೂವಿಜ್ಞಾನ ಬಲ್ಲವರನ್ನು ಕರೆತರುವುದು ಒಳ್ಳೆಯದು.

ಕೊನೆಯದು ಸ್ವಾಧೀನದ ಗೆರೆ. ಸೀಬರ್ಡ್ ನೌಕಾನೆಲೆಗೆ 1986ರ ಅಕ್ಟೋಬರ್ 24ರಂದು ರಾಜೀವ್ ಗಾಂಧಿ ಶಂಕುಸ್ಥಾಪನೆ ಮಾಡಿದರು, 2005ರಲ್ಲಿ ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿತು. ಅರಗಾ ಮೊದಲಾಗಿ ಎರಡೂ ತಾಲೂಕಿನ ಊರುಗಳು ಜಾಗ ಬಿಟ್ಟುಕೊಟ್ಟವು. ಪರಿಹಾರದ ದರ ಸಾಲದೆಂದು ಹೂಡಿದ ದಾವೆಗಳು, ಹಳೆಯ ಭೂಸ್ವಾಧೀನ ಕಾಯಿದೆಯ ಕಲಮಿನಿಂದ ‘28ಎ ಪ್ರಕರಣ’ಗಳೆಂದು ಇಲ್ಲಿ ಹೆಸರಾದವು, ದಶಕಗಳ ಕಾಲ ನಡೆದವು. ತೋಡೂರಿನಂಥ ಪುನರ್ವಸತಿ ಕಾಲೊನಿಯ ನಿವೇಶನ ಮಾರಾಟಕ್ಕೆ ಬಂದರೆ ಹಕ್ಕುಪತ್ರದ ಷರತ್ತು ಓದದೆ ಮುಂದುವರಿಯಬಾರದು. ಹೆದ್ದಾರಿ ಅಗಲೀಕರಣ, ಅಲಗೇರಿ ಸುತ್ತಿನ ವಿಮಾನ ನಿಲ್ದಾಣ, ಕೇಣಿಯ ಬಂದರು, ಹುಬ್ಬಳ್ಳಿ–ಅಂಕೋಲಾ ರೈಲು, ಇವುಗಳಲ್ಲಿ ಯಾವುದರ ಅಧಿಸೂಚನೆಯಲ್ಲಾದರೂ ಸರ್ವೆ ನಂಬರು ಇದೆಯೇ ಎಂದು ಸಹಾಯಕ ಆಯುಕ್ತರ ಕಚೇರಿ ಮತ್ತು ಸಂಬಂಧಿಸಿದ ಸ್ವಾಧೀನಾಧಿಕಾರಿಯಲ್ಲಿ ವಿಚಾರಿಸಬೇಕು.

ಕಟ್ಟಡ

ಇಂಗ್ಲೆಂಡಿನಲ್ಲಿ ಮನೆ ಕೊಳ್ಳುವವರು ಸರ್ವೆ ಎಂದರೆ ಕಟ್ಟಡದ ತಪಾಸಣೆ ಎಂದುಕೊಳ್ಳುತ್ತಾರೆ. ಚಾರ್ಟರ್ಡ್ ಸರ್ವೇಯರ್ ಮಾಡಿನಿಂದ ಗಟಾರದವರೆಗೆ ನೋಡಿ ಬರೆದುಕೊಡುತ್ತಾನೆ. ನಮ್ಮಲ್ಲಿ ಆ ರೂಢಿ ಬೆಳೆದಿಲ್ಲ. ಹಳೆ ಮನೆಗೆ ‘ಜಾಗದ ರೇಟು’ ಮಾತ್ರ ಕೊಡುತ್ತೇವೆ ಎಂಬ ಮಾತಿನಲ್ಲಿ ಕಟ್ಟಡವನ್ನು ನೋಡುವ ಕೆಲಸ ತಪ್ಪಿಸಿಕೊಳ್ಳುತ್ತೇವೆ. ಮನೆಯಲ್ಲೇ ವಾಸ ಮಾಡುವ ಉದ್ದೇಶವಿದ್ದರೆ ಸಿವಿಲ್ ಇಂಜಿನಿಯರ್ ಒಬ್ಬರನ್ನು ಕರೆದುಕೊಂಡು ಹೋಗಲೇಬೇಕು.

ಇಲ್ಲಿನ ಹಳೆ ಮನೆಗಳು ಚಿರೆಕಲ್ಲಿನ ಗೋಡೆ, ಹಂಚಿನ ಮಾಡಿನವು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಜಾಗ ಇದು. ಗಾರೆ ಇಲ್ಲದ ಚಿರೆಕಲ್ಲು ಬುಡದಿಂದ ನೀರು ಹೀರುತ್ತದೆ. ಪಕಾಸಿ, ರೀಪುಗಳಿಗೆ ಗೆದ್ದಲು. ಇವೆಲ್ಲ ಕಣ್ಣಿಗೆ ಕಾಣುವ ರೋಗಗಳು, ದುರಸ್ತಿಯೂ ಸಾಧ್ಯ. 1980, 90ರ ದಶಕದ ತಾರಸಿ ಮನೆಗಳ ಕಾಯಿಲೆ ಒಳಗಿನದು. ಉಪ್ಪುಗಾಳಿಯ ಕ್ಲೋರೈಡ್ ಕಾಂಕ್ರೀಟಿನೊಳಗಿನ ಸರಳಿಗೆ ತಲುಪಿ ತುಕ್ಕು ಹಿಡಿಸುತ್ತದೆ, ತುಕ್ಕು ಉಬ್ಬಿ ಕಾಂಕ್ರೀಟ್ ಸಿಡಿಯುತ್ತದೆ. ಉಪ್ಪು ಮರಳು ಬಳಸಿದ್ದರೆ ಹೊರಗಿನ ಗಾಳಿಯೂ ಬೇಕಿಲ್ಲ. ಕಾಂಕ್ರೀಟ್ ಮಾನದಂಡವಾದ ಐಎಸ್ 456 ಕರಾವಳಿಗೆ ತೆರೆದುಕೊಂಡ ಕಾಂಕ್ರೀಟಿಗೆ ಕನಿಷ್ಠ ಎಂ30 ದರ್ಜೆ, ಸರಳಿನ ಮೇಲೆ 45 ಮಿ.ಮೀ. ಹೊದಿಕೆ ಕೇಳುತ್ತದೆ. ಮೇಸ್ತ್ರಿ ಕಟ್ಟಿದ ಎಷ್ಟು ಮನೆಗಳಲ್ಲಿ ಅದು ಸಿಕ್ಕೀತು ಎಂಬುದು ಯಾರೂ ಊಹಿಸಬಹುದಾದದ್ದು. ಛಜ್ಜಾದ ಅಡಿಭಾಗ, ಬಾಲ್ಕನಿಯ ಬುಡ, ಬಚ್ಚಲ ಮೇಲಿನ ಸ್ಲ್ಯಾಬು, ನೀರಿನ ಟಾಂಕಿಯ ಕೆಳಗೆ, ಈ ನಾಲ್ಕು ಕಡೆ ಕಂದು ಗೆರೆಯೋ ಹೊಸದಾಗಿ ಸವರಿದ ಸಿಮೆಂಟೋ ಇದೆಯೇ ನೋಡಬೇಕು. ಹೊಸ ಸುಣ್ಣಬಣ್ಣ ಹೊಡೆದ ಹಳೆ ಮನೆ ಕಂಡರೆ ಹೆಚ್ಚು ಹೊತ್ತು ನೋಡಬೇಕು.

ಬಾವಿ ನೀರನ್ನು ಮಳೆಗಾಲದಲ್ಲಿ ಕುಡಿದು ನೋಡಿ ಪ್ರಯೋಜನವಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಉಪ್ಪಾಗುತ್ತದೆಯೇ ಎಂಬುದೇ ಪ್ರಶ್ನೆ. ಸಾಧ್ಯವಿದ್ದರೆ ಮನೆಯನ್ನು ಬೇಸಿಗೆಯ ಕೊನೆಗೊಮ್ಮೆ, ಆಷಾಢದ ಮಳೆಯಲ್ಲೊಮ್ಮೆ ನೋಡಬೇಕು.

ಬೆಲೆ

ಮಾರ್ಗಸೂಚಿ ಬೆಲೆಯನ್ನು ಕರ್ನಾಟಕ ಮುದ್ರಾಂಕ ಕಾಯಿದೆಯ 45ಬಿ ಕಲಮಿನಡಿ ಕೇಂದ್ರ ಮೌಲ್ಯಮಾಪನ ಸಮಿತಿಯ ಮೂಲಕ ನಿಗದಿ ಮಾಡುತ್ತಾರೆ. ರಾಜ್ಯಾದ್ಯಂತ ದೊಡ್ಡ ಪರಿಷ್ಕರಣೆ ಆದದ್ದು 2023ರ ಅಕ್ಟೋಬರ್ 1ರಿಂದ. ಅದು ಗ್ರಾಮಕ್ಕೋ ರಸ್ತೆಗೋ ಒಟ್ಟಾಗಿ ಹಾಕಿದ ದರ. ಒಂದು ಮನೆಗೆ ದಾರಿ ಇಲ್ಲ, ಬಾವಿ ಉಪ್ಪು, ಹಿಂದೆ ಧರೆ ಎಂಬುದು ಅದಕ್ಕೆ ಗೊತ್ತಿಲ್ಲ. ಮುದ್ರಾಂಕ ಶುಲ್ಕ ಮಾರ್ಗಸೂಚಿ ಬೆಲೆ ಮತ್ತು ಪತ್ರದಲ್ಲಿ ಬರೆದ ಬೆಲೆಗಳಲ್ಲಿ ಯಾವುದು ಹೆಚ್ಚೋ ಅದರ ಮೇಲೆ. ಕಾರವಾರ ಪಟ್ಟಣದಲ್ಲಿ 50 ಲಕ್ಷದ ಮನೆ ಎಂದರೆ ಶೇ. 5ರಂತೆ ಮುದ್ರಾಂಕ 2,50,000, ಅದರ ಮೇಲೆ ಶೇ. 10 ಸೆಸ್ 25,000, ಶೇ. 2 ಸರ್‌ಚಾರ್ಜ್ 5,000, ಮತ್ತು 2025ರ ಆಗಸ್ಟ್ 31ರಿಂದ ಶೇ. 2ಕ್ಕೇರಿದ ನೋಂದಣಿ ಶುಲ್ಕ 1,00,000. ಒಟ್ಟು 3,80,000 ರೂಪಾಯಿ. ಹಳ್ಳಿಯಲ್ಲಿ ಸರ್‌ಚಾರ್ಜ್ ಶೇ. 3.

ಪತ್ರದಲ್ಲಿ ಬೆಲೆ ಕಡಿಮೆ ಬರೆಸಿ ಉಳಿದದ್ದನ್ನು ನಗದಾಗಿ ಕೊಡುವ ಚಾಳಿ ಗೊತ್ತಿರುವುದೇ. ಮಾರ್ಗಸೂಚಿಗಿಂತ ಶೇ. 10ಕ್ಕೂ ಹೆಚ್ಚು ಕಡಿಮೆ ಬರೆದರೆ ಆದಾಯ ತೆರಿಗೆಯವರು ವ್ಯತ್ಯಾಸವನ್ನು ಮಾರಿದವರ ಲಾಭವೆಂದೂ ಕೊಂಡವರ ಆದಾಯವೆಂದೂ ಎರಡು ಕಡೆ ಹಿಡಿಯುತ್ತಾರೆ. ಈ ತಾಲೂಕುಗಳಿಗೆ ಇನ್ನೊಂದು ನಷ್ಟ ಸೇರುತ್ತದೆ. 2013ರ ಭೂಸ್ವಾಧೀನ ಕಾಯಿದೆ ಪರಿಹಾರ ಕಟ್ಟುವಾಗ ಮಾರ್ಗಸೂಚಿ ಬೆಲೆಯ ಜೊತೆಗೆ ನೋಡುವುದು ಅಕ್ಕಪಕ್ಕದಲ್ಲಿ ಹಿಂದಿನ ಮೂರು ವರ್ಷ ನೋಂದಣಿಯಾದ ಖರೀದಿಪತ್ರಗಳನ್ನು. ಅವುಗಳಲ್ಲಿ ಹೆಚ್ಚು ಬೆಲೆಯ ಅರ್ಧದಷ್ಟರ ಸರಾಸರಿ ತೆಗೆದು, ಎರಡರಲ್ಲಿ ಹೆಚ್ಚಿನದನ್ನು ಹಿಡಿಯುತ್ತಾರೆ. ಊರಿಗೆ ಊರೇ ಕಡಿಮೆ ಬರೆಸಿದ್ದರೆ ನಾಳೆ ಹೆದ್ದಾರಿಗೋ ಬಂದರಿಗೋ ಜಾಗ ಹೋಗುವಾಗ ಊರಿಗೆ ಊರೇ ಅದೇ ಅಂಕಿಯನ್ನು ಎದುರಿಸಬೇಕು. ಸ್ವಾಧೀನದ ಅನುಭವ ಇಷ್ಟು ಸಲ ಆದ ಸೀಮೆಯಲ್ಲೂ ಈ ಚಾಳಿ ನಿಂತಿಲ್ಲದಿರುವುದು ಸೋಜಿಗ.

ಬ್ಯಾಂಕಿನ ಮೌಲ್ಯಮಾಪಕರು ಜಾಗದ ಬೆಲೆಗೆ ಕಟ್ಟಡದ ಸವೆದುಳಿದ ಬೆಲೆ ಕೂಡಿಸುತ್ತಾರೆ. ಉದಾಹರಣೆಗೆ 30 ವರ್ಷ ಹಳೆಯ 1,200 ಚದರ ಅಡಿ ಮನೆ; ಇಂದು ಕಟ್ಟಲು ಅಡಿಗೆ 2,000 ರೂಪಾಯಿ ಎಂದಿಟ್ಟುಕೊಂಡರೆ 24 ಲಕ್ಷ. ಆಯುಷ್ಯ 60 ವರ್ಷ, ಕೊನೆಗೆ ಉಳಿಯುವ ಬೆಲೆ ಶೇ. 10 ಎಂದರೆ ಸವಕಳಿ ಶೇ. 45, ಉಳಿದದ್ದು 13.2 ಲಕ್ಷ. ಆದರೆ ಸಮುದ್ರ ದಂಡೆಯ ತಾರಸಿ ಮನೆಗೂ ಒಳನಾಡಿನದಕ್ಕೂ ಒಂದೇ 60 ವರ್ಷ ಹಾಕಿದ್ದಾರೆಯೇ ಎಂದು ವರದಿಯಲ್ಲಿ ನೋಡಬೇಕು. ಹಾಕಿದ್ದರೆ ಆ ಅಂಕಿ ಉದಾರವಾಯಿತು. ವರದಿಯಲ್ಲಿ ಮಾರುಕಟ್ಟೆ ಬೆಲೆ, ಕೈಗೆ ಬರಬಹುದಾದ ಬೆಲೆ, ತುರ್ತಿನಲ್ಲಿ ಮಾರಿದರೆ ಸಿಗುವ ಬೆಲೆ ಎಂದು ಮೂರು ಅಂಕಿ ಇರುತ್ತವೆ. ಬ್ಯಾಂಕಿನ ಕಣ್ಣು ಕೊನೆಯ ಎರಡರ ಮೇಲೆ. ರಿಸರ್ವ್ ಬ್ಯಾಂಕ್ ನಿಯಮದಂತೆ 30 ಲಕ್ಷದವರೆಗಿನ ಸಾಲಕ್ಕೆ ಬೆಲೆಯ ಶೇ. 90, 75 ಲಕ್ಷದವರೆಗೆ ಶೇ. 80, ಅದಕ್ಕೂ ಮೇಲೆ ಶೇ. 75 ಮಿತಿ, 10 ಲಕ್ಷಕ್ಕಿಂತ ಹೆಚ್ಚಿನ ಮನೆಗೆ ಮುದ್ರಾಂಕ, ನೋಂದಣಿ ಖರ್ಚನ್ನು ಈ ಬೆಲೆಗೆ ಸೇರಿಸುವಂತಿಲ್ಲ.

ಸಾಲ ಮಂಜೂರಾಯಿತು ಎಂದರೆ ಬ್ಯಾಂಕ್ ಎಲ್ಲ ನೋಡಿದೆ ಎಂದರ್ಥ ಎಂಬ ನಂಬಿಕೆ ಇಲ್ಲಿಯದಷ್ಟೇ ಅಲ್ಲ. ಇಂಗ್ಲೆಂಡಿನ ಸ್ಮಿತ್ ವಿರುದ್ಧ ಎರಿಕ್ ಬುಶ್ ಪ್ರಕರಣದಲ್ಲಿ ಸಾಲ ಸಂಸ್ಥೆಯ ಸರ್ವೇಯರ್ ವರದಿ ನಂಬಿ ಮನೆ ಕೊಂಡಾಕೆಯ ಮೇಲ್ಮಹಡಿಗೆ ಆಸರೆಯಿಲ್ಲದ ಚಿಮಣಿ ಮುರಿದು ಬಿತ್ತು. ಸಾಧಾರಣ ಬೆಲೆಯ ಮನೆ ಕೊಳ್ಳುವವರು ಆ ವರದಿಯನ್ನೇ ನಂಬುತ್ತಾರೆಂದು ಸರ್ವೇಯರ್‌ಗೆ ಗೊತ್ತಿರುತ್ತದೆ, ಹಾಗಾಗಿ ಕೊಂಡವರಿಗೂ ಅವನು ಹೊಣೆ ಎಂದು 1989ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತಿತು. ನಮ್ಮಲ್ಲಿ ವರದಿಯ ಪ್ರತಿಯನ್ನು ಕೇಳಿ ಪಡೆಯುವವರೇ ಕಡಿಮೆ.

ಸ್ವಂತ ಅಂದಾಜಿಗೆ ಒಳ್ಳೆಯ ಆಧಾರ ಅದೇ ಊರಿನ, ಅದೇ ಬಗೆಯ ಜಾಗದ ಇತ್ತೀಚಿನ ವ್ಯವಹಾರಗಳು. ನೋಂದಣಿಯ ಅಂಕಿಗೆ ಊರಿನ ಮಾತನ್ನೂ ಸೇರಿಸಿ ತೂಗಬೇಕು. ಹೆದ್ದಾರಿಯ ಬದಿಯದನ್ನು ಒಳಗೇರಿಯದಕ್ಕೆ, ಸದಾಶಿವಗಡದ್ದನ್ನು ಕಡವಾಡಕ್ಕೆ ಹೋಲಿಸಬಾರದು. ಮುಂದೆ ಬರಲಿರುವ ಯೋಜನೆಯ ಹೆಸರಿನಲ್ಲಿ ಕೇಳುವ ಹೆಚ್ಚುವರಿ ಬೆಲೆಯನ್ನು ಪ್ರತ್ಯೇಕವಾಗಿ ಬರೆದಿಟ್ಟು ನೋಡಿದರೆ ಮನಸ್ಸು ತಿಳಿಯಾಗುತ್ತದೆ. ಹುಬ್ಬಳ್ಳಿಯಿಂದ ಬರಬೇಕಾದ ರೈಲಿನ ಲೆಕ್ಕದಲ್ಲಿ ಅಂಕೋಲೆಯಲ್ಲಿ ಜಾಗ ಕೊಂಡವರ ಮಕ್ಕಳು ಈಗ ಆ ರೈಲಿನ ಸುದ್ದಿಯನ್ನು ಪತ್ರಿಕೆಯಲ್ಲಿ ಓದುತ್ತಿದ್ದಾರೆ.

ನೋಂದಣಿಯ ನಂತರ

ಕಾವೇರಿ ತಂತ್ರಾಂಶದಲ್ಲಿ ಪತ್ರ ನೋಂದಣಿಯಾದರೆ ಕೃಷಿ ಜಮೀನಿನ ಮಾಹಿತಿ ಜೆ-ಸ್ಲಿಪ್ ಮೂಲಕ ಭೂಮಿಗೆ ಹೋಗಿ, ನೋಟಿಸ್ ಅವಧಿ ಮುಗಿದ ಮೇಲೆ ಮುಟೇಶನ್ ಆಗುತ್ತದೆ. ಅದು ತನ್ನಷ್ಟಕ್ಕೆ ಆಯಿತೆಂದು ಬಿಡದೆ ಹೊಸ ಪಹಣಿ ತೆಗೆಸಿ ಹೆಸರು, ಹಿಸ್ಸಾ, ವಿಸ್ತೀರ್ಣ, 11ನೇ ಕಾಲಂ ನೋಡಿಕೊಳ್ಳಬೇಕು. ಮಾರಿದವರ ಹಳೆಯ ಸೊಸೈಟಿ ಸಾಲದ ಬೋಜಾ ತೀರಿದ ಮೇಲೂ ಅಲ್ಲೇ ಕುಳಿತಿರುವುದುಂಟು. ಪಟ್ಟಣ ಮತ್ತು ಪಂಚಾಯತಿ ಆಸ್ತಿಗೆ ಖಾತೆ ಬದಲಾವಣೆ, ಕರದ ಪಾವತಿ, ಹೆಸ್ಕಾಂ ಮೀಟರು, ನೀರಿನ ಸಂಪರ್ಕ ಬೇರೆ ಬೇರೆ ಅರ್ಜಿಗಳು. ಹದ್ದುಬಸ್ತಿನಲ್ಲಿ ನೆಟ್ಟ ಕಲ್ಲುಗಳ ಫೋಟೊ ತೆಗೆದು, ಸ್ಥಿರವಾದ ಗುರುತುಗಳಿಂದ, ಬಾವಿಯ ಕಟ್ಟೆಯೋ ಮನೆಯ ಮೂಲೆಯೋ, ಅವುಗಳ ದೂರ ಅಳೆದು ನಕ್ಷೆಯ ಹಿಂಬದಿಗೆ ಬರೆದಿಟ್ಟುಕೊಂಡರೆ ಕಂಪೌಂಡ್ ಕಟ್ಟುವ ದಿನ ಮತ್ತೆ ಭೂಮಾಪಕರನ್ನು ಕಾಯಬೇಕಾಗುವುದಿಲ್ಲ.